ಭಜ್ಜಿಯ ಗಡಿಗೆ: ಬೀದರ ಸೀಮೆಯ ಅಜ್ಜಿಯರ ದೀರ್ಘಾಯುಷ್ಯವನ್ನು ನೆನೆಯುತ್ತ

(ದೇಸಿ ಬೀಜಗಳ ಸಂರಕ್ಷಣೆಯ ಕುರಿತು ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹನ್ನೊಂದು ತಿಂಗಳ ಅವಧಿಯಲ್ಲಿ ಕನ್ನಡ ನಾಡು ಮೂವರು ಅಜ್ಜಿಯರನ್ನು ಕಳೆದುಕೊಂಡಿತು. 2024ರ ಡಿಸೆಂಬರ್ 16ರಂದು ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡ ತೀರಿಕೊಂಡರು. 2025ರ ಫೆಬ್ರವರಿ 13ರಂದು ಅದೇ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮ ಗೌಡ ಕಣ್ಮರೆಯಾದರು. ಅದೇ ವರ್ಷದ ನವೆಂಬರ್ 14ರಂದು ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ತಮ್ಮ 114ನೆಯ ವಯಸ್ಸಿನಲ್ಲಿ ನಿಧನರಾದರು. ಮೂವರಿಗೂ ಪದ್ಮಶ್ರೀ ಸಂದಿತ್ತು. ಮೂವರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಬ್ಬರು ಕಾಡಿನ ತಾಯಿಮರಗಳನ್ನು ಗುರುತಿಸಿ ಬೀಜ ತಂದು ಸಸಿ ಬೆಳೆಸಿದರು. ಒಬ್ಬರು ಹಾಲಕ್ಕಿ ಸಮುದಾಯದ ಹಾಡುಗಳನ್ನು ನೆನಪಿನಲ್ಲಿ ಕಾಪಾಡಿದರು. ಒಬ್ಬರು ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಯಲ್ಲಿ ಪತಿಯೊಂದಿಗೆ ಕೊಡದಲ್ಲಿ ನೀರು ಹೊತ್ತು ಆಲದ ಮರಗಳನ್ನು ಸಾಕಿದರು.

ತುಳಸಿ ಗೌಡರ ನಿಧನದ ವಾರ್ತೆಯಲ್ಲಿ ಒಂದು ವಿವರ ಗಮನಾರ್ಹವಾಗಿತ್ತು. ಕೆಲವೆಡೆ ಅವರ ವಯಸ್ಸು 80 ಎಂದೂ, ಕೆಲವೆಡೆ 86 ಎಂದೂ ಅಚ್ಚಾಗಿತ್ತು. ಅವರ ತಲೆಮಾರಿನ ಹಳ್ಳಿಯ ಹೆಣ್ಣುಮಗುವಿನ ಜನನವನ್ನು ಬರೆದಿಡುವ ಪರಿಪಾಠ ವಿರಳವಾಗಿತ್ತು. ರಾಷ್ಟ್ರಪತಿಯವರ ಕೈಯಿಂದ ಪ್ರಶಸ್ತಿ ಪಡೆದ ಅಜ್ಜಿಯ ಸ್ಥಿತಿಯೇ ಹೀಗಿರುವಾಗ, ಯಾವ ಪ್ರಶಸ್ತಿಯೂ ಬಾರದ ಲಕ್ಷಾಂತರ ಅಜ್ಜಿಯರ ಬದುಕನ್ನು ಯಾವ ಕಾಗದದಲ್ಲಿ ಹುಡುಕುವುದು? ಇಂದಿನ ಮಾತು ಅಂಥ ಅಜ್ಜಿಯರನ್ನು ಕುರಿತದ್ದು. ಅದಕ್ಕಾಗಿ ರಾಜ್ಯದ ಉತ್ತರದ ತುದಿಯ ಬೀದರ, ಭಾಲ್ಕಿ ಮತ್ತು ಔರಾದ ಸೀಮೆಯನ್ನು ಆರಿಸಿಕೊಳ್ಳಲಾಗಿದೆ. ಇಲ್ಲಿ ಹೇಳುವ ಅಜ್ಜಿ ಒಂದು ನಿರ್ದಿಷ್ಟ ಮನೆಯವಳಲ್ಲ; ಆ ಸೀಮೆಯ ಒಂದು ಇಡೀ ತಲೆಮಾರು ಎಂದು ತಿಳಿಯಬೇಕು. ಕೆಲವು ಮನೆಗಳಲ್ಲಿ ಆಕೆಯನ್ನು 'ಆಯಿ' ಎನ್ನುತ್ತಾರೆ, ಕೆಲವು ಮನೆಗಳಲ್ಲಿ 'ಅಮ್ಮ' ಎನ್ನುತ್ತಾರೆ.

ದೂರದ ನೆಲ, ಪರಿಚಿತ ಕಲ್ಲು

ಗುಡ್ಡಗಾಡಿನ ಜನರಿಗೆ ಬೀದರ ಎಂದರೆ ಬಿಸಿಲು, ಕೋಟೆ ಮತ್ತು ಬಿದರಿ ಕಲೆ. ಆದರೆ ಬೀದರ ನಗರವೂ ಎತ್ತರದ ನೆಲದ ಮೇಲೆಯೇ ಇದೆ. ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಆ ಪ್ರಸ್ಥಭೂಮಿಯ ಮೇಲ್ಪದರ, ಘಟ್ಟದ ಕೆಳಗೂ ಮೇಲೂ ಮನೆ ಕಟ್ಟಲು ಕಡಿದು ತರುವ ಅದೇ ಕೆಂಪು ಮುರಕಲ್ಲು. ತೂತುತೂತಾದ ಈ ಕಲ್ಲು ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಅದರಡಿಯ ಕರಿಯ ಅಗ್ನಿಶಿಲೆ ನೀರನ್ನು ಸುಲಭವಾಗಿ ಕೆಳಗಿಳಿಯಗೊಡುವುದಿಲ್ಲ. ಎರಡೂ ಕೂಡುವಲ್ಲಿ, ಗುಡ್ಡದ ಅಂಚಿನಲ್ಲಿ, ಒರತೆ ಒಸರುತ್ತದೆ. ಬೀದರದ ನಾನಕ್ ಝೀರಾ, ಪಾಪನಾಶ, ಝರಣಿ ನರಸಿಂಹ ಇವೆಲ್ಲವೂ ಇಂತಹ ಒರತೆಗಳ ಬಳಿ ಬೆಳೆದ ಪುಣ್ಯಸ್ಥಳಗಳು. ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ. ಮುರಕಲ್ಲಿನೊಳಗೆ ಉದ್ದಕ್ಕೆ ಕೊರೆದ ಕಾಲುವೆ, ಅದಕ್ಕೆ ಅಲ್ಲಲ್ಲಿ ಮೇಲಿನಿಂದ ಇಳಿಬಿಟ್ಟ ಬಾವಿಯಂಥ ಕಿಂಡಿಗಳು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ತೋಟಗಳ ಸುರಂಗ ಕಂಡವರಿಗೆ ಅದರ ತತ್ತ್ವ ಹೊಸದೆನಿಸದು.

ಆದರೆ ಘಟ್ಟದ ಮೇಲೆ ಸುರಿಯುವ ಮಳೆ ಅಲ್ಲಿಲ್ಲ. ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ. ಅದೂ ಬರುವ ವರ್ಷ ಬರುತ್ತದೆ, ಬಾರದ ವರ್ಷ ಬಾರದು. ಮಾಂಜ್ರಾ ನದಿ ಭಾಲ್ಕಿ, ಔರಾದ, ಬೀದರ ತಾಲ್ಲೂಕುಗಳ ನಡುವೆ ಹರಿದರೂ ಬಹುಪಾಲು ಹೊಲಗಳು ಮೋಡವನ್ನೇ ನಂಬಿದವು. ಅಂಥ ನೆಲದಲ್ಲಿ ತೊಂಬತ್ತು ವರ್ಷ ಬಾಳುವುದೆಂದರೆ ಮಳೆಯ ಜೊತೆ ತೊಂಬತ್ತು ಸಲ ಲೆಕ್ಕಾಚಾರ ಮಾಡಿ ಗೆಲ್ಲುವುದು ಎಂದರ್ಥ.

ಅಜ್ಜಿಯ ಪಂಚಾಂಗ

ಜನನದ ಕಾಗದವಿಲ್ಲದ ಅಜ್ಜಿ ತನ್ನ ವಯಸ್ಸನ್ನು ಘಟನೆಗಳಿಂದ ಅಳೆಯುತ್ತಾಳೆ. ರಜಾಕಾರರ ಗಲಾಟೆಯ ವರ್ಷ ಹಿರಿಯ ಮಗ ಹೊಟ್ಟೆಯಲ್ಲಿದ್ದ, ದೊಡ್ಡ ಬರದ ವರ್ಷ ಎತ್ತು ಮಾರಿದ್ದು, ಭೂಕಂಪದ ವರ್ಷ ಮೊಮ್ಮಗಳು ಹುಟ್ಟಿದ್ದು, ಹೀಗೆ. ಈ ಪಂಚಾಂಗವನ್ನು ಇತಿಹಾಸದ ವರ್ಷಗಳೊಂದಿಗೆ ಹೊಂದಿಸಿ ನೋಡಬಹುದು.

1925ರ ಆಸುಪಾಸಿನಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳೋಣ. ಆಕೆ ಕಣ್ಣು ಬಿಟ್ಟದ್ದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ. ಸಂತೆಯಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ ನಾಣ್ಯ, ಕಂದಾಯದ ಲೆಕ್ಕ ಫಸಲಿ ವರ್ಷದಲ್ಲಿ, ಕಚೇರಿಯ ಬರವಣಿಗೆ ಉರ್ದುವಿನಲ್ಲಿ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿಯನ್ನು ಆ ಸೀಮೆ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. ಆದರೆ ಆ ಕಾಲದ ಬಹುಪಾಲು ಹೆಣ್ಣುಮಕ್ಕಳು ಯಾವ ಭಾಷೆಯ ಶಾಲೆಗೂ ಹೋಗಲಿಲ್ಲ. ಅವರ ಕನ್ನಡ ಉಳಿದದ್ದು ಬೀಸುವ ಕಲ್ಲಿನ ಮುಂದೆ. ಔರಾದ ಕಡೆಯ ಅಜ್ಜಿಯಾದರೆ ಮನೆಯಲ್ಲಿ ಕನ್ನಡ, ನೆರೆಯವರೊಡನೆ ಮರಾಠಿ, ಸಂತೆಯಲ್ಲಿ ದಖ್ಖನಿ ಉರ್ದು ಆಡುತ್ತಿದ್ದಳು. ಒಂದರಲ್ಲೂ ಸಹಿ ಹಾಕಲು ಬಾರದು.

ಆಕೆಗೆ 23 ತುಂಬುವಾಗ, 1948ರ ಸೆಪ್ಟೆಂಬರ್ 17ರಂದು, ಸಂಸ್ಥಾನ ಭಾರತಕ್ಕೆ ಶರಣಾಯಿತು. ಅದಕ್ಕೆ ಮುಂಚಿನ ಮತ್ತು ನಂತರದ ದಿನಗಳ ಭಯವನ್ನು ಹಿಂದೂ ಮುಸ್ಲಿಮ್ ಎನ್ನದೆ ಹಲವು ಮನೆಗಳು ಕಂಡವು. 31ರ ವಯಸ್ಸಿನಲ್ಲಿ, 1956ರ ನವೆಂಬರ್ 1ರಂದು, ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಭಾಗ ಮೈಸೂರು ರಾಜ್ಯಕ್ಕೆ. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯವಾದ ಹೆಣ್ಣುಮಕ್ಕಳು ಅನೇಕ. ತವರಿನಿಂದ ಮಡಿಲಕ್ಕಿಯೊಂದಿಗೆ ಕಟ್ಟಿಕೊಂಡು ಬಂದ ಬೀಜದ ಗಂಟಿಗೆ ಮಾತ್ರ ಯಾವ ಗಡಿಯೂ ಅಡ್ಡ ಬರಲಿಲ್ಲ.

ಆಕೆಯ 47ನೆಯ ವಯಸ್ಸಿಗೆ 1972ರ ಮಹಾ ಬರಗಾಲ ಬಂತು. ದಖ್ಖನಿನ ಹೆಂಗಸರು ಕಾಮಗಾರಿಗಳಲ್ಲಿ ಕಲ್ಲು ಒಡೆದು ಮಕ್ಕಳನ್ನು ಉಳಿಸಿಕೊಂಡ ವರ್ಷವದು. 64ರಲ್ಲಿ, 1989ರಲ್ಲಿ, ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಅಣೆಕಟ್ಟು ಪೂರ್ಣಗೊಂಡಿತು. ಅದರ ನೀರಿನಲ್ಲಿ ಹೊಲ ಕಳೆದುಕೊಂಡವರು ದಶಕಗಳ ನಂತರವೂ ನ್ಯಾಯವಾದ ಪರಿಹಾರ ಕೇಳಿ ಧರಣಿ ಕೂತದ್ದನ್ನು ಶರಾವತಿಯ ದಂಡೆಯ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. 68ರಲ್ಲಿ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಸುಮಾರು 10,000 ಜನ ಸತ್ತರು. ಆ ನಡುಕ ಬೀದರ ಸೀಮೆಯ ಮನೆಗಳನ್ನೂ ಎಬ್ಬಿಸಿತು. 92ರಲ್ಲಿ, 2017ರ ಅಕ್ಟೋಬರ್ 29ರಂದು, ಬೀದರ–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. ಹಾಲಿ ಸಿಕ್ಕಾದಲ್ಲಿ ಉಪ್ಪು ಕೊಂಡವಳು ಮೊಮ್ಮಗನ ಮೊಬೈಲಿನಲ್ಲಿ ಮರಿಮಗಳ ಮುಖ ನೋಡುವವರೆಗೆ ಬಾಳಿದಳು.

ಇಷ್ಟೆಲ್ಲ ಬದಲಾವಣೆಯ ನಡುವೆ ಆಕೆ ವರ್ಷಕ್ಕೊಮ್ಮೆ ತಪ್ಪದೆ ಮಾಡಿದ ಒಂದು ಕೆಲಸವಿದೆ. ಮುಂದಿನ ವರ್ಷದ ಬೀಜವನ್ನು ಆರಿಸಿ, ಒಣಗಿಸಿ, ಕೆಡದಂತೆ ಇಟ್ಟದ್ದು.

ಬೀಜದ ಗಡಿಗೆಯ ವಿಜ್ಞಾನ

ಕೃಷಿ ವಿಜ್ಞಾನದ ಪಾಠಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ವಿಭಾಗಗಳೇ ಇವೆ: ತಳಿ ಆಯ್ಕೆ, ಬೀಜ ಶರೀರಶಾಸ್ತ್ರ, ಸಂಗ್ರಹಣಾ ಕೀಟಶಾಸ್ತ್ರ. ಅಜ್ಜಿಯ ಮನೆಯಲ್ಲಿ ಇವೆಲ್ಲವೂ ಒಂದೇ ನಡುಮನೆಯಲ್ಲಿ ನಡೆಯುತ್ತಿದ್ದವು.

ಮೊದಲನೆಯದು ಆಯ್ಕೆ. ಜೋಳದ ಕೊಯ್ಲಿಗೆ ಮುನ್ನ ಹೊಲ ತಿರುಗಿ, ಬೀಜಕ್ಕೆಂದು ತೆನೆ ಗುರುತಿಸುವುದು ಬಹುಮಟ್ಟಿಗೆ ಹೆಂಗಸರ ಕೆಲಸವಾಗಿತ್ತು. ಬದುವಿನ ಅಂಚಿನ ಗಿಡಕ್ಕೆ ಬೆಳಕು ಹೆಚ್ಚು, ಪೈಪೋಟಿ ಕಡಿಮೆ. ಅದರ ದೊಡ್ಡ ತೆನೆ ಕಣ್ಣಿಗೆ ಮೋಸ ಮಾಡುತ್ತದೆ. ಹೊಲದ ನಡುವೆ, ಸುತ್ತಲಿನ ಗಿಡಗಳೊಂದಿಗೆ ಸೆಣಸಿಯೂ ಕಾಳು ತುಂಬಿಕೊಂಡ ತೆನೆಯೇ ನಿಜವಾದ ಬೀಜದ ತೆನೆ. ಇಂದಿನ ತಳಿ ವಿಜ್ಞಾನಿಯೂ ಅಂಚಿನ ಸಾಲುಗಳನ್ನು ಬಿಟ್ಟೇ ಇಳುವರಿ ಅಳೆಯುತ್ತಾನೆ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಮಾಲ್ದಂಡಿ ಜೋಳದಿಂದ ಆಯ್ದು ತೆಗೆದ ಎಂ 35-1 ತಳಿ ಇಂದಿಗೂ ದಖ್ಖನಿನ ಹಿಂಗಾರಿ ಜೋಳದ ಹಿರಿಯ ತಳಿ. ಆಯ್ಕೆ ಮಾಡಲು ಅಲ್ಲೊಂದು ಮಾಲ್ದಂಡಿ ಇತ್ತಲ್ಲ, ಅದನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದವರು ಯಾರೆಂದು ಕೇಳಿದರೆ, ಹೆಸರು ಬರೆಯದ ಇಂಥ ಮನೆಗಳನ್ನೇ ತೋರಿಸಬೇಕಾಗುತ್ತದೆ. ತುಳಸಿ ಗೌಡರು ಕಾಡಿನಲ್ಲಿ ತಾಯಿಮರ ಗುರುತಿಸುತ್ತಿದ್ದ ಕಣ್ಣೂ, ಬೀದರದ ಅಜ್ಜಿ ಹೊಲದಲ್ಲಿ ತೆನೆ ಗುರುತಿಸುತ್ತಿದ್ದ ಕಣ್ಣೂ ಒಂದೇ ಬಗೆಯವು.

ಎರಡನೆಯದು ಒಣಗಿಸುವಿಕೆ. ಬೀಜದ ಆಯುಷ್ಯದ ಬಗ್ಗೆ ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಹೇಳಿದ ಸರಳ ಸೂತ್ರವೊಂದಿದೆ. ಬೀಜದ ತೇವಾಂಶ ಶೇಕಡಾ 5ರಿಂದ 14ರ ನಡುವೆ ಇರುವಾಗ, ಅದು ಶೇಕಡಾ 1ರಷ್ಟು ಇಳಿದರೆ ಬೀಜದ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ. ಶಾಖ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಹಾಗೆಯೇ. ಅಜ್ಜಿಯ ಬಳಿ ತೇವಾಂಶ ಮಾಪಕವಿರಲಿಲ್ಲ. ಕಾಳನ್ನು ಹಲ್ಲಿನಲ್ಲಿ ಕಡಿದಾಗ 'ಕಟ್' ಎಂದು ಸೀಳಿದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಇನ್ನೆರಡು ಬಿಸಿಲು ಬೇಕು. ಒಲೆಯ ಮೇಲಿನ ಜಂತಿಗೆ ತೂಗುಬಿಟ್ಟ ತೆನೆಗೆ ದಿನವೂ ಹೊಗೆ ತಾಗಿ ತೇವವೂ ಹುಳುವೂ ದೂರವಾಗುತ್ತಿದ್ದವು. ಗುಡ್ಡಗಾಡಿನ ಮನೆಗಳ ಅಟ್ಟದ ಮೇಲೆ ಸೌತೆ, ಹೀರೆ ಬೀಜಗಳು ಉಳಿದದ್ದೂ ಇದೇ ನ್ಯಾಯದಿಂದ.

ಮೂರನೆಯದು ಹುಳುವಿನ ನಿಯಂತ್ರಣ. ತೊಗರಿ, ಹೆಸರು, ಕಡಲೆಗೆ ಬೀಳುವ ಕಾಳು ಹುಳು ತತ್ತಿಯನ್ನು ಕಾಳಿನ ಸಿಪ್ಪೆಯ ಮೇಲೆ ಅಂಟಿಸುತ್ತದೆ. ಮರಿ ಸಿಪ್ಪೆ ಕೊರೆದು ಒಳಹೋಗುತ್ತದೆ. ಅಜ್ಜಿ ಬೀಜದ ಕಾಳಿಗೆ ಸೋಸಿದ ಬೂದಿ ಬೆರೆಸುತ್ತಿದ್ದಳು. ಬೂದಿಯ ಸಣ್ಣ ಕಣಗಳು ಕಾಳುಗಳ ನಡುವಿನ ಸಂದು ತುಂಬಿ ಹುಳುವಿನ ಓಡಾಟ ತಡೆಯುತ್ತವೆ, ಅದರ ಮೈಯ ಮೇಣದ ಪದರ ಉಜ್ಜಿ ಒಣಗಿಸುತ್ತವೆ. ಔಡಲೆಣ್ಣೆ ಸವರಿದರೆ ತತ್ತಿಗೆ ಉಸಿರಾಟವಿಲ್ಲ. ಉಣ್ಣುವ ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಬೇಳೆ ಮಾಡಿಬಿಟ್ಟರೆ ಹುಳುವಿಗೆ ಇಡೀ ಕಾಳೇ ಸಿಗುವುದಿಲ್ಲ. ಇವುಗಳಲ್ಲಿ ಯಾವುದೂ ಮೂಢನಂಬಿಕೆಯಲ್ಲ. ಪ್ರಯೋಗಶಾಲೆಗಳು ಇವನ್ನು ಪರೀಕ್ಷಿಸಿ ಒಪ್ಪಿವೆ. ವ್ಯತ್ಯಾಸವಿಷ್ಟೇ: ಪ್ರಯೋಗಶಾಲೆಯ ಫಲಿತಾಂಶ ವಿಜ್ಞಾನಿಯ ಹೆಸರಿನಲ್ಲಿ ಅಚ್ಚಾಗುತ್ತದೆ.

ಎಳ್ಳಮಾವಾಸ್ಯೆಯ ಗಡಿಗೆ

ಅಜ್ಜಿಯ ಹೊಲ ಹೇಗಿತ್ತೆಂದು ತಿಳಿಯಲು ಎಳ್ಳಮಾವಾಸ್ಯೆಗಿಂತ ಉತ್ತಮ ದಿನವಿಲ್ಲ. ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಬರುವ ಈ ಹಬ್ಬದಂದು ಬೀದರ, ಕಲಬುರಗಿ ಸೀಮೆಯ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಪುಟ್ಟ ಗುಡಿಸಲು ಮಾಡಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸುತ್ತಾರೆ. ಹೊಲದ ತುಂಬ ಚರಗ ಚೆಲ್ಲಿ ಭೂತಾಯಿಗೆ ಉಣಿಸುತ್ತಾರೆ. ಬಳಿಕ ಬಂಧುಗಳೂ ದಾರಿಹೋಕರೂ ಕೂಡಿ ಕೂತು ಸಜ್ಜೆ ರೊಟ್ಟಿ, ಮಜ್ಜಿಗೆ ಬೆರೆತ ಅಂಬಲಿ ಮತ್ತು ಭಜ್ಜಿ ಉಣ್ಣುತ್ತಾರೆ.

ಈ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಮೆಂತ್ಯ, ಪಾಲಕ, ಬದನೆ, ಹುಣಸೆಹುಳಿ, ಕಡಲೆಹಿಟ್ಟು, ಕೈಗೆ ಸಿಕ್ಕ ಎಲ್ಲ ಹಸಿರು ಒಂದೇ ಗಡಿಗೆಯಲ್ಲಿ ಕುದಿದು ಆಗುವ ಅಡುಗೆ. ಮನೆಮನೆಗೂ ರುಚಿ ಬೇರೆ, ಏಕೆಂದರೆ ಹೊಲಹೊಲಕ್ಕೂ ಬೆಳೆ ಬೇರೆ. ಎಷ್ಟು ಬಗೆ ಬಿದ್ದರೆ ಅಷ್ಟು ಚೆನ್ನು ಎಂಬುದು ಅದರ ನಿಯಮ.

ಈ ಗಡಿಗೆಯನ್ನು ಹೊಲದ ವಾರ್ಷಿಕ ಲೆಕ್ಕಪತ್ರವೆಂದೂ ಓದಬಹುದು. ಅಕ್ಕಡಿ ಬೇಸಾಯದ ಹೊಲದಲ್ಲಿ ಜೋಳದ ಸಾಲುಗಳ ನಡುವೆ ತೊಗರಿ, ಅದರ ಸಂದಿನಲ್ಲಿ ಪುಂಡಿ, ಎಳ್ಳು. ಎಪ್ಪತ್ತು ದಿನಕ್ಕೆ ಕೈಗೆ ಬರುವ ಹೆಸರು, ಉದ್ದು. ಹಿಂಗಾರಿಯ ಹೊಲದ ಸುತ್ತ ದನ ನುಗ್ಗದಂತೆ ಮುಳ್ಳಿನ ಕುಸುಬೆ. ತೊಗರಿಯ ಬೇರು ಆಳಕ್ಕಿಳಿದು ಕೆಳಗಿನ ತೇವ ಕುಡಿಯುತ್ತದೆ, ಜೋಳದ ಬೇರು ಮೇಲ್ಪದರದ್ದನ್ನು. ಮುಂಗಾರು ಕೈಕೊಟ್ಟರೆ ಒಂದು ಉಳಿಯುತ್ತದೆ, ಹಿಂಗಾರು ಕೈಕೊಟ್ಟರೆ ಇನ್ನೊಂದು. ಮನುಷ್ಯರಿಗೆ ಕಾಳು, ದೇವಣಿ ಎತ್ತಿಗೆ ಕಣಿಕೆ, ಒಲೆಗೆ ತೊಗರಿ ಕಟ್ಟಿಗೆ, ಮಣ್ಣಿಗೆ ಉದುರೆಲೆ. ಇದು ಅಜ್ಜಿಯ ವಿಮಾ ಯೋಜನೆ; ಅದರ ಕಂತು ಬೀಜದ ಗಡಿಗೆಗಳನ್ನು ಪ್ರತಿವರ್ಷ ತುಂಬಿಡುವುದು.

ಗುಡ್ಡಗಾಡಿನಲ್ಲಿಯೂ ಇಂಥ ಲೆಕ್ಕಪತ್ರಗಳುಂಟು. ಮಳೆಗಾಲದಲ್ಲಿ ಅಜ್ಜಿ ಎಷ್ಟು ಬಗೆಯ ಚಿಗುರಿನ ತಂಬುಳಿ ಮಾಡುತ್ತಾಳೋ ಅಷ್ಟು ಗಿಡಗಳು ಹಿತ್ತಿಲಿನಲ್ಲಿಯೂ ಬೆಟ್ಟದಲ್ಲಿಯೂ ಇನ್ನೂ ಇವೆ ಎಂದರ್ಥ. ಉಪ್ಪಿನಕಾಯಿಯ ಜಾಡಿಯಲ್ಲಿ ಎಷ್ಟು ಮರದ ಅಪ್ಪೆಮಿಡಿ ಇದೆಯೋ ಅಷ್ಟು ಹೊಳೆದಂಡೆ ಉಳಿದಿದೆ ಎಂದರ್ಥ.

ಗಡಿಗೆ ಬರಿದಾದ ಬಗೆ

ಕಳೆದ ಎರಡು ಮೂರು ದಶಕಗಳಲ್ಲಿ ಬೀದರ ಜಿಲ್ಲೆಯ ಮುಂಗಾರು ಹೊಲಗಳನ್ನು ಸೋಯಾ ಅವರೆ ಆವರಿಸಿತು. ನೀರಿದ್ದ ಕಡೆ ಕಬ್ಬು ಬಂತು. ಇದಕ್ಕೆ ರೈತರನ್ನು ದೂರಿ ಫಲವಿಲ್ಲ. ಸೋಯಾಕ್ಕೆ ಮಾರುಕಟ್ಟೆಯಿದೆ, ಯಂತ್ರದಿಂದ ಒಕ್ಕಬಹುದು, ಬೇಗ ಕೈಗೆ ಹಣ ಬರುತ್ತದೆ, ಬೇಳೆಕಾಳುಗಳಂತೆ ಅದೂ ಬೇರಿನಲ್ಲಿ ಸಾರಜನಕ ಸ್ಥಿರೀಕರಿಸುತ್ತದೆ. ಕೂಲಿಯ ಆಳು ಸಿಗದ ಕಾಲದಲ್ಲಿ ಎಂಟು ಬೆಳೆ ಒಂದೇ ಹೊಲದಲ್ಲಿ ಬೆಳೆಯೆಂದು ಉಪದೇಶಿಸುವುದು ಸುಲಭ, ಮಾಡುವುದು ಕಷ್ಟ.

ಆದರೆ ಈ ಬದಲಾವಣೆ ಅಜ್ಜಿಗೆ ಏನು ಮಾಡಿತೆಂಬುದನ್ನು ಗಮನಿಸಬೇಕು. ಸೋಯಾ ಬೀಜದ ಸಿಪ್ಪೆ ತೆಳು, ಒಳಗೆ ಎಣ್ಣೆ ಹೆಚ್ಚು; ದಖ್ಖನಿನ ಬೇಸಿಗೆಯಲ್ಲಿ ಅದರ ಮೊಳೆಯುವ ಶಕ್ತಿ ಬೇಗ ಕುಗ್ಗುತ್ತದೆ. ಜೋಳ, ತೊಗರಿಯ ಪ್ರಮಾಣಿತ ಬೀಜಕ್ಕೆ ಕನಿಷ್ಠ ಶೇಕಡಾ 75ರ ಮೊಳಕೆ ಬೇಕೆನ್ನುವ ನಿಯಮ ಸೋಯಾಕ್ಕೆ ಶೇಕಡಾ 70 ಸಾಕೆಂದಿರುವುದೂ ಈ ದೌರ್ಬಲ್ಯದಿಂದಲೇ. ಯಂತ್ರದ ಒಕ್ಕಣೆಯ ಪೆಟ್ಟಿಗೆ ಅದು ಒಳಗೇ ಬಿರಿಯುತ್ತದೆ. ಹೀಗಾಗಿ ಬಹುಪಾಲು ರೈತರು ಜೂನ್ ತಿಂಗಳಲ್ಲಿ ಬೀಜದ ಚೀಲಕ್ಕಾಗಿ ರೈತ ಸಂಪರ್ಕ ಕೇಂದ್ರದ ಮುಂದೆ ಸಾಲು ನಿಲ್ಲುತ್ತಾರೆ. ಬೂದಿ, ಔಡಲೆಣ್ಣೆ, ಒಲೆಯ ಹೊಗೆ ಬಲ್ಲ ಅಜ್ಜಿಗೆ ಆ ಸಾಲಿನಲ್ಲಿ ಕೆಲಸವಿಲ್ಲ. ಮನೆಯಲ್ಲಿ ಆಕೆಗೆ ಊಟ, ಔಷಧ, ಪ್ರೀತಿ ಎಲ್ಲವೂ ಇರಬಹುದು. ಆದರೆ ಬಿತ್ತನೆಗೆ ಮುನ್ನ ಆಕೆಯನ್ನು ಕೇಳುವ ಪ್ರಸಂಗ ತಪ್ಪಿತು. ಎಳ್ಳಮಾವಾಸ್ಯೆ ಇಂದಿಗೂ ನಡೆಯುತ್ತದೆ, ಭಜ್ಜಿಯೂ ಕುದಿಯುತ್ತದೆ. ಅದಕ್ಕೆ ಬೇಕಾದ ಕಾಳು ಸೊಪ್ಪುಗಳಲ್ಲಿ ಹಲವು ಹಿಂದಿನ ದಿನದ ಮಾರುಕಟ್ಟೆಯಿಂದ ಬರುತ್ತವೆ.

ಇಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಅಜ್ಜಿಯ ಕಾಲವೆಲ್ಲ ಚಿನ್ನವಾಗಿರಲಿಲ್ಲ. ಬುದ್ಧಿ ಬಲಿಯುವ ಮುನ್ನ ಮದುವೆ, ಸಾಲು ಹೆರಿಗೆ, ಅವುಗಳಲ್ಲಿ ಮಣ್ಣಿಗಿಟ್ಟ ಮಕ್ಕಳು, ಬೇಸಿಗೆಯಲ್ಲಿ ಕೊಡ ಹೊತ್ತು ನಡೆದ ಹರದಾರಿಗಳು, ನಸುಕಿನ ಬೀಸುವ ಕಲ್ಲು, ಎಲ್ಲರೂ ಉಂಡ ಮೇಲೆ ಉಳಿದ ಅನ್ನ. ದಲಿತ ಕೇರಿಯ ಅಜ್ಜಿಗೆ ಇಷ್ಟೂ ಸಾಲದೆಂಬಂತೆ ಊರ ಬಾವಿಯ ನೀರೂ ದೂರ. ಆ ಕಷ್ಟಗಳು ಮರಳಿ ಬರಬೇಕೆಂದು ಯಾವ ವಿವೇಕಿಯೂ ಬಯಸಲಾರ. ಗಿರಣಿ ಬಂದದ್ದು, ನಲ್ಲಿ ಬಂದದ್ದು, ಆಸ್ಪತ್ರೆ ಬಂದದ್ದು ಒಳ್ಳೆಯದೇ ಆಯಿತು. ಬೀಸುವ ಕಲ್ಲನ್ನು ಬಿಡುವಾಗ ಬೀಜದ ಗಡಿಗೆಯನ್ನೂ ಬಿಡಬೇಕಾಗಿತ್ತೇ ಎಂಬುದೊಂದೇ ಪ್ರಶ್ನೆ.

ಗಡಿಯಾಚೆಯ ಉತ್ತರ

ಬಿಡಬೇಕಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಬೀದರಿನ ಪಕ್ಕದಲ್ಲೇ ಇದೆ. 1956ರಲ್ಲಿ ಬೀದರಿನಿಂದ ಬೇರ್ಪಟ್ಟ ಜಹೀರಾಬಾದ ಭಾಗ ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಅಲ್ಲಿನ ಪಸ್ತಾಪುರದಲ್ಲಿ ನೆಲೆಯಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ 1980ರ ದಶಕದಿಂದ ಹಳ್ಳಿಹಳ್ಳಿಯ ಬಡ ಹೆಂಗಸರು, ಅವರಲ್ಲಿ ಬಹುಪಾಲು ದಲಿತರು, ಸಂಘ ಕಟ್ಟಿದರು. ಅದರ ಸ್ಥಾಪಕರಲ್ಲಿ ಪ್ರಮುಖರಾದ, 2023ರ ಮಾರ್ಚ್‌ನಲ್ಲಿ ತೀರಿಕೊಂಡ ಪಿ. ವಿ. ಸತೀಶ್ ಮೂಲತಃ ಕನ್ನಡಿಗರೇ. ಬೀಳುಬಿದ್ದ ಕೆಂಪು ನೆಲದಲ್ಲಿ ಜೋಳ, ನವಣೆ, ಸಜ್ಜೆ, ತೊಗರಿಗಳನ್ನು ಕೂಡಿಸಿ ಬೆಳೆದರು. ಊರೂರಲ್ಲಿ ಬೀಜ ಬ್ಯಾಂಕ್ ಮಾಡಿದರು. ಪ್ರತಿವರ್ಷ ಹಳೆಯ ಬೆಳೆಗಳ ಬೀಜಗಳನ್ನು ಎತ್ತಿನ ಗಾಡಿಯಲ್ಲಿಟ್ಟು ಜಾತ್ರೆ ನಡೆಸಿದರು. 2008ರ ಅಕ್ಟೋಬರ್‌ನಲ್ಲಿ ಮಾಚನೂರಿನಿಂದ ತಮ್ಮದೇ ಸಮುದಾಯ ರೇಡಿಯೋ ಆರಂಭಿಸಿದರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು.

ಅದೇ ಕಲ್ಲು, ಅದೇ ಮಳೆ, ಒಂದು ಕಾಲಕ್ಕೆ ಅದೇ ಜಿಲ್ಲೆ. ವ್ಯತ್ಯಾಸ ಎಲ್ಲಿದೆಯೆಂದರೆ, ಅಲ್ಲಿ ಅಜ್ಜಿಯ ತಿಳಿವಳಿಕೆ ಒಬ್ಬಳ ಮನೆಯ ಗುಟ್ಟಾಗಿ ಉಳಿಯದೆ ಊರಿನ ಸ್ವತ್ತಾಯಿತು. ಒಬ್ಬಳು ತೀರಿಕೊಂಡರೂ ಗಡಿಗೆ ಬರಿದಾಗಲಿಲ್ಲ.

ಕಾಗದದ ಮೇಲೊಂದು ಹೆಸರು

ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿರುವುದು ಶೇಕಡಾ 14ರಷ್ಟು ಮಾತ್ರ ಎಂದು 2015–16ರ ಕೃಷಿ ಗಣತಿ ತೋರಿಸಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ನೀಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. 1925ರಲ್ಲಿ ಹುಟ್ಟಿದವಳಿಗೆ ಆಗ ಎಪ್ಪತ್ತು, ಎಂಬತ್ತು ವಯಸ್ಸು. ಹೊಲದ ಬಗ್ಗೆ ಎಲ್ಲ ಬಲ್ಲವಳ ಹೆಸರು ಪಹಣಿಯಲ್ಲಿ ಇಲ್ಲದೆಯೇ ಆಯುಷ್ಯ ಮುಗಿಯಿತು.

ಆದರೆ ಈಗ ಎರಡು ಕಾನೂನುಗಳು ಕೈಯಲ್ಲಿವೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತರೂ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ ಕೊನೆಯ ಗಡುವು ಹಾಕಿದ ಮೇಲೆ ದೇಶದೆಲ್ಲೆಡೆ ಈ ದಾಖಲಾತಿಗಳು ವೇಗವಾಗಿ ತುಂಬಿದವು. ಆ ಪುಟಗಳಲ್ಲಿ ಊರಿನ ಅಜ್ಜಿಯ ಪಕ್ಕದಲ್ಲಿ ಕೂತು ಬರೆದದ್ದು ಎಷ್ಟೆಂಬುದನ್ನು ಆಯಾ ಪಂಚಾಯಿತಿಗೆ ಹೋಗಿ ತೆರೆದು ನೋಡುವ ಹಕ್ಕು ಗ್ರಾಮಸ್ಥರಿಗಿದೆ.

ವಿದ್ಯಾರ್ಥಿ ಮಿತ್ರರು ಈ ವರ್ಷ ಒಂದು ಕೆಲಸ ಮಾಡಬಹುದು. ಬೀದರದಲ್ಲಾಗಲಿ, ಇಲ್ಲಿನ ಘಟ್ಟದಲ್ಲಾಗಲಿ, ಮನೆಯ ಅಥವಾ ನೆರೆಮನೆಯ ಅತ್ಯಂತ ಹಿರಿಯ ಅಜ್ಜಿಯ ಬಳಿ ಒಂದು ನೋಟ್‌ಬುಕ್ ಹಿಡಿದು ಕೂರಬೇಕು. ಆಕೆಯ ಪೂರ್ಣ ಹೆಸರು, ತವರೂರಿನ ಹೆಸರು. ನೆನಪಿನಲ್ಲಿರುವ ಮೊದಲ ದೊಡ್ಡ ಬರ ಅಥವಾ ನೆರೆ. ತವರಿನಿಂದ ತಂದ ಬೀಜ ಯಾವುದು, ಅದು ಈಗ ಯಾರ ಮನೆಯಲ್ಲಿದೆ. ಬೀಜ ಆರಿಸುವಾಗ ಏನು ನೋಡುತ್ತಿದ್ದಳು, ಹೇಗೆ ಕೆಡದಂತೆ ಇಡುತ್ತಿದ್ದಳು. ಈಗ ಕಾಣಿಸದ ಬೆಳೆ, ಸೊಪ್ಪು, ಮರಗಳು ಯಾವುವು. ಉತ್ತರವನ್ನು ಆಕೆಯ ಮಾತಿನಲ್ಲಿಯೇ ಬರೆಯಬೇಕು. ಅಜ್ಜಿ 'ಗುಮ್ಮಿ' ಎಂದರೆ ಗುಮ್ಮಿ ಎಂದೇ ಬರೆಯಬೇಕು, 'ಸಂಗ್ರಹಣಾ ಪಾತ್ರೆ' ಎಂದಲ್ಲ. ಬರೆದದ್ದನ್ನು ಆಕೆಗೆ ಓದಿ ಹೇಳಬೇಕು, ಆಕೆ ಬೇಡವೆಂದದ್ದನ್ನು ಹೊಡೆದುಹಾಕಬೇಕು. ಬಳಿಕ ಆಕೆಯ ಒಪ್ಪಿಗೆಯೊಂದಿಗೆ, ಆಕೆಯ ಹೆಸರಿನಲ್ಲಿ, ಪಂಚಾಯಿತಿಯ ದಾಖಲಾತಿಗೆ ಸೇರಿಸಬೇಕು. ಸಾಧ್ಯವಾದರೆ ಆಕೆ ಹೇಳಿದ ಬೀಜಗಳಲ್ಲಿ ಒಂದನ್ನಾದರೂ ಹುಡುಕಿ ತಂದು, ಒಂದು ಗುಂಟೆಯಲ್ಲಿ ಬಿತ್ತಿ, ಅದರಿಂದ ಬಂದ ಬೀಜವನ್ನು ಇಬ್ಬರು ನೆರೆಯವರಿಗೆ ಹಂಚಬೇಕು. ಬರೀ ಕಾಗದದಲ್ಲಿ ಉಳಿದ ಬೀಜ ಮೊಳೆಯುವುದಿಲ್ಲ.

ಅಜ್ಜಿ ಹೋದ ಮೇಲೆ ಫೋಟೋಕ್ಕೆ ಹಾರ ಹಾಕಿ ಪುಣ್ಯತಿಥಿ ಮಾಡುವ ಪದ್ಧತಿ ಎಲ್ಲ ಮನೆಗಳಲ್ಲಿಯೂ ಇದೆ. ಅದು ನಡೆಯಲಿ. ಜಂತಿಗೆ ತೂಗುಬಿಟ್ಟ ನಾಲ್ಕು ತೆನೆ ಅದಕ್ಕಿಂತ ಹೆಚ್ಚು ಕಾಲ ಆಕೆಯನ್ನು ನೆನಪಿನಲ್ಲಿಡಬಲ್ಲವು, ಏಕೆಂದರೆ ಅವನ್ನು ಪ್ರತಿವರ್ಷ ಇಳಿಸಿ ಬಿತ್ತಬೇಕಾಗುತ್ತದೆ, ಮತ್ತೆ ಆರಿಸಿ ತೂಗಬೇಕಾಗುತ್ತದೆ. ತೊಂಬತ್ತು ದಾಟಿದ ಅಜ್ಜಿಯರು ಈಗ ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಮುಂದಿನ ಮುಂಗಾರಿಗೆ ಮುನ್ನ ಅವರ ಬಳಿ ಹೋಗಿ ಕೂರುವುದು ಒಳ್ಳೆಯದು.